ಟೆಟ್ ಹಬ್ಬಕ್ಕೆ ವಿಯೆಟ್ನಾಂ: ಹನೋಯ್, ಹ್ವೇ, ಹೋಯಿ ಆನ್, ಸೈಗಾನ್‌ಗಳಲ್ಲಿ ಯಾವುದನ್ನು ಆರಿಸಬೇಕು?

ವಿಯೆಟ್ನಾಮಿನ ಚಾಂದ್ರಮಾನ ಹೊಸವರ್ಷವಾದ ಟೆಟ್ ಹಬ್ಬದ ಹೊತ್ತಿಗೆ ಆ ದೇಶಕ್ಕೆ ಹೋಗಬಹುದೇ ಎಂದು ವಿಚಾರಿಸಿದರೆ ಒಂದಕ್ಕೊಂದು ತಾಳೆಯಾಗದ ಎರಡು ಉತ್ತರಗಳು ಸಿಗುತ್ತವೆ. ಎಲ್ಲವೂ ಮುಚ್ಚಿರುತ್ತದೆ, ಊಟಕ್ಕೂ ಪರದಾಡಬೇಕಾಗುತ್ತದೆ, ಹೋಗಲೇಬೇಡಿ ಎನ್ನುವವರು ಒಂದು ಕಡೆ. ದೇಶವನ್ನು ನೋಡಬೇಕಾದರೆ ಆಗಲೇ ನೋಡಬೇಕು ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತೂ ನಿಜವೇ, ಆದರೆ ಅವರು ಹೋದ ದಿನಗಳು ಬೇರೆ, ಇಳಿದುಕೊಂಡ ಊರುಗಳು ಬೇರೆ. ಹಬ್ಬಕ್ಕೆ ನಾಲ್ಕು ದಿನ ಮೊದಲು ಕಾಲಿಡಲು ಜಾಗವಿಲ್ಲದ ಹನೋಯ್‌ನ ಬೀದಿಯಲ್ಲಿ ಹಬ್ಬದ ಬೆಳಗ್ಗೆ ಒಂದು ಲೋಟ ಕಾಫಿ ಸಿಗುವುದೂ ಕಷ್ಟ. ಅದೇ ಬೆಳಗ್ಗೆ ಹೋಯಿ ಆನ್‌ನಲ್ಲಿ ಉಪಾಹಾರದ ಅಂಗಡಿಗಳು ಒಂದೊಂದಾಗಿ ಬಾಗಿಲು ತೆಗೆಯುತ್ತಿರುತ್ತವೆ. ಆದ್ದರಿಂದ ಯಾವ ಊರು ಎಂಬ ಪ್ರಶ್ನೆಗಿಂತ ಮೊದಲು ಯಾವ ದಿನಗಳು ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ದಿನಗಳು ನಿಂತರೆ ಊರಿನ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಬಗೆಹರಿಯುತ್ತದೆ.

ಮೊದಲು ದಿನ, ಆಮೇಲೆ ಊರು

ಟೆಟ್ ಜನವರಿ 21ರಿಂದ ಫೆಬ್ರುವರಿ 20ರ ನಡುವೆ ಬರುತ್ತದೆ. 2026ರಲ್ಲಿ ಅದು ಫೆಬ್ರುವರಿ 17, 2027ರಲ್ಲಿ ಫೆಬ್ರುವರಿ 6, 2028ರಲ್ಲಿ ಜನವರಿ 26. ಮನೆಯ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಪುಷ್ಯ ಅಥವಾ ಮಾಘ ಮಾಸದ ಅಮಾವಾಸ್ಯೆಯನ್ನು ಹುಡುಕಿದರೆ ಟೆಟ್‌ನ ಮೊದಲ ದಿನ ಅಂದೇ ಅಥವಾ ಅದರ ಮರುದಿನ ಇರುತ್ತದೆ. ಚೀನಾದ ಹೊಸವರ್ಷದ ದಿನಾಂಕವನ್ನೇ ನೋಡಿ ಟಿಕೆಟ್ ಕಾಯ್ದಿರಿಸುವವರಿದ್ದಾರೆ. ಬಹುತೇಕ ವರ್ಷಗಳಲ್ಲಿ ಅದರಿಂದ ತೊಂದರೆಯಿಲ್ಲ, ಆದರೆ ಎರಡು ದೇಶಗಳ ಸಮಯದಲ್ಲಿ ಒಂದು ಗಂಟೆಯ ವ್ಯತ್ಯಾಸವಿರುವ ಕಾರಣ ಅಮಾವಾಸ್ಯೆ ನಡುರಾತ್ರಿಯ ಆಸುಪಾಸಿನಲ್ಲಿ ಸಂಭವಿಸಿದಾಗ ಹಬ್ಬವೂ ಒಂದು ದಿನ ಹಿಂದೆ ಮುಂದೆ ಆಗುತ್ತದೆ. 2007ರಲ್ಲಿ ಹಾಗಾಗಿತ್ತು, 2030ರಲ್ಲಿ ಮತ್ತೆ ಹಾಗಾಗಲಿದೆ: ವಿಯೆಟ್ನಾಮಿಗೆ ಫೆಬ್ರುವರಿ 2, ಚೀನಾಕ್ಕೆ ಫೆಬ್ರುವರಿ 3. ನಮ್ಮ ಕಡೆಯವರಿಗೆ ಇದಕ್ಕಿಂತ ದೊಡ್ಡ ತೊಡಕೆಂದರೆ ಶಾಲಾ ವೇಳಾಪಟ್ಟಿ. ಎಸ್‌ಎಸ್‌ಎಲ್‌ಸಿ ಅಥವಾ ಪಿಯುಸಿ ಓದುವ ಮಕ್ಕಳಿರುವ ಮನೆಯವರು ಪರೀಕ್ಷೆಯ ತಯಾರಿಯ ಈ ತಿಂಗಳುಗಳಲ್ಲಿ ಹೊರಡುವುದು ಕಷ್ಟವೇ ಸರಿ.

ಹಬ್ಬದ ಕಾಲವನ್ನು ಪ್ರವಾಸಿಯ ದೃಷ್ಟಿಯಿಂದ ಮೂರು ಭಾಗ ಮಾಡಿಕೊಳ್ಳಬಹುದು. ಹಳೆಯ ವರ್ಷದ ಕೊನೆಯ ತಿಂಗಳ 23ನೇ ದಿನ ಅಡುಗೆಮನೆಯ ದೇವತೆಗಳು ಮನೆಯವರ ವರದಿ ಒಪ್ಪಿಸಲು ಸ್ವರ್ಗಕ್ಕೆ ಹೊರಡುತ್ತಾರೆ ಎಂಬ ನಂಬಿಕೆಯಿದ್ದು, ಅಂದು ಕೆರೆ ಹೊಳೆಗಳಿಗೆ ಕಾರ್ಪ್ ಮೀನುಗಳನ್ನು ಬಿಡುತ್ತಾರೆ. ಆ ದಿನದಿಂದ ಹೊಸವರ್ಷದ ಮುನ್ನಾದಿನದ ಮಧ್ಯಾಹ್ನದವರೆಗಿನ ಒಂದು ವಾರ ಮೊದಲ ಭಾಗ. ಅಂಗಡಿ, ಮ್ಯೂಸಿಯಂ, ಹೋಟೆಲು ಎಲ್ಲವೂ ತೆರೆದಿದ್ದು, ಅದರ ಮೇಲೆ ಹಬ್ಬದ ಸಂತೆಯೂ ಸೇರಿರುವ ಕಾಲವಿದು. ಮುನ್ನಾದಿನದ ಸಂಜೆಯಿಂದ ಮೂರನೆಯ ದಿನದವರೆಗಿನದು ಎರಡನೆಯ ಭಾಗ. ಆಗ ಜನ ಮನೆಯೊಳಗಿರುತ್ತಾರೆ. ಮೊದಲ ದಿನ ತಂದೆಯ ಕಡೆಯವರಿಗೆ, ಎರಡನೆಯ ದಿನ ತಾಯಿಯ ಕಡೆಯವರಿಗೆ, ಮೂರನೆಯ ದಿನ ಗುರುಗಳಿಗೆ ಎಂದು ಅಲ್ಲಿನ ಗಾದೆಯೇ ಇದೆ. ಪ್ರವಾಸಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ನಾಲ್ಕನೆಯ ದಿನದಿಂದ ಹುಣ್ಣಿಮೆಯವರೆಗಿನದು ಮೂರನೆಯ ಭಾಗ. ಊರು ನಿಧಾನವಾಗಿ ಬಾಗಿಲು ತೆರೆಯುತ್ತದೆ, ದೇವಸ್ಥಾನಗಳ ಜಾತ್ರೆಗಳು ಶುರುವಾಗುತ್ತವೆ. ಕಾನೂನಿನ ಪ್ರಕಾರ ಟೆಟ್‌ನ ರಜೆ ಐದು ದಿನವಾದರೂ ವಾರಾಂತ್ಯಗಳು ಸೇರಿ ಅದು ಉದ್ದವಾಗುತ್ತದೆ. 2025 ಮತ್ತು 2026ರಲ್ಲಿ ಸರ್ಕಾರಿ ನೌಕರರಿಗೆ ಸಿಕ್ಕಿದ್ದು ಒಂಬತ್ತು ದಿನಗಳ ರಜೆ.

ಹನೋಯ್: ಹಬ್ಬಕ್ಕೆ ಮುಂಚಿನ ವಾರಕ್ಕೆ ಸಾಟಿಯಿಲ್ಲ

ಉತ್ತರದ ಹನೋಯ್, ನಡುವಿನ ಹ್ವೇ ಮತ್ತು ಹೋಯಿ ಆನ್, ದಕ್ಷಿಣದ ಸೈಗಾನ್ ಈ ನಾಲ್ಕು ಊರುಗಳಲ್ಲಿ ಹಬ್ಬದ ಸಿದ್ಧತೆಯನ್ನು ಕಣ್ಣಾರೆ ನೋಡಲು ಹನೋಯ್‌ಗಿಂತ ಒಳ್ಳೆಯ ಜಾಗವಿಲ್ಲ. ಹಳೆಯ ಪೇಟೆಯ ಹಾಂಗ್ ಮಾ ಬೀದಿ ಕೆಂಪು ಕಾಗದದ ಅಲಂಕಾರ, ಲಾಂದ್ರ, ಲಕೋಟೆಗಳಿಂದ ತುಂಬಿರುತ್ತದೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಹಾಂಗ್ ಲುಯೋಕ್ ಬೀದಿಯಲ್ಲಿ ವರ್ಷಕ್ಕೊಮ್ಮೆ ಮಾತ್ರ ನೆರೆಯುವ ಹೂವಿನ ಸಂತೆ ನಡೆಯುತ್ತದೆ. ರಾತ್ರಿ ನಿದ್ದೆಗೆಡಲು ಸಿದ್ಧರಿರುವವರು ಕ್ವಾಂಗ್ ಬಾ ಸಗಟು ಹೂವಿನ ಮಾರುಕಟ್ಟೆಗೆ ಹೋಗಬಹುದು. ಅಲ್ಲಿ ವ್ಯಾಪಾರ ಕುದುರುವುದೇ ನಡುರಾತ್ರಿ ಕಳೆದ ಮೇಲೆ.

ಉತ್ತರದ ಟೆಟ್‌ನ ಗುರುತು ನ್ಯಾತ್ ತಾನ್ ಪ್ರದೇಶದ ಗುಲಾಬಿ ಬಣ್ಣದ ಪೀಚ್ ಹೂವಿನ ಕೊಂಬೆ ಮತ್ತು ಕುಂಡದಲ್ಲಿ ಬೆಳೆದ ಕುಮ್‌ಕ್ವಾಟ್ ಎಂಬ ಪುಟ್ಟ ಕಿತ್ತಳೆಯ ಗಿಡ. ಈ ಗಿಡವನ್ನು ಕೊಳ್ಳುವವರನ್ನು ಹತ್ತು ನಿಮಿಷ ಗಮನಿಸಿದರೆ ಹಬ್ಬದ ಲೆಕ್ಕಾಚಾರ ಅರ್ಥವಾಗುತ್ತದೆ. ಹಿರಿಯರೊಬ್ಬರು ಗಿಡವನ್ನು ಸುತ್ತು ಬಂದು, ಬಗ್ಗಿ, ಎಲೆ ಸರಿಸಿ ನಾಲ್ಕು ಸಂಗತಿಗಳನ್ನು ಹುಡುಕುತ್ತಾರೆ: ಹಣ್ಣಾದ ಕಾಯಿ, ಇನ್ನೂ ಹಸಿರಾಗಿರುವ ಕಾಯಿ, ಬಿಳಿ ಹೂವು, ಎಳೆಯ ಚಿಗುರು. ನಾಲ್ಕೂ ಒಂದೇ ಗಿಡದಲ್ಲಿದ್ದರೆ ಮನೆಯಲ್ಲಿ ತಲೆಮಾರುಗಳು ಒಟ್ಟಿಗಿರುತ್ತವೆ ಎಂಬ ಭಾವನೆ. ಅಂಥ ಗಿಡಕ್ಕೆ ಬೆಲೆಯೂ ಹೆಚ್ಚು. ವ್ಯಾಪಾರ ಕುದುರಿದ ಮೇಲೆ ಆಳೆತ್ತರದ ಗಿಡವನ್ನು ಕುಂಡಸಮೇತ ಸ್ಕೂಟರಿನ ಹಿಂದೆ ಹಗ್ಗದಿಂದ ಬಿಗಿದು ಒಯ್ಯುತ್ತಾರೆ; ಹಿಂದಿನಿಂದ ನೋಡಿದರೆ ಸವಾರ ಕಾಣುವುದಿಲ್ಲ.

ಇದೇ ವಾರದಲ್ಲಿ ವಾನ್ ಮಿಯೆವ್ ಎಂಬ ಸಾಹಿತ್ಯ ಮಂದಿರದ ಎದುರಿನ ಕೆರೆಯ ಅಂಗಳದಲ್ಲಿ ಅಕ್ಷರ ಬರೆಸಿಕೊಳ್ಳುವ ಮೇಳ ನಡೆಯುತ್ತದೆ. ಈ ಮಂದಿರ 1070ರಲ್ಲಿ ಸ್ಥಾಪನೆಯಾದದ್ದು. ರಾಜ್ಯ ಪರೀಕ್ಷೆಯಲ್ಲಿ ತೇರ್ಗಡೆಯಾದವರ ಹೆಸರು ಕೆತ್ತಿದ 82 ಶಿಲಾಫಲಕಗಳು ಇಲ್ಲಿವೆ. ನಿಲುವಂಗಿ ತೊಟ್ಟ ಲಿಪಿಕಾರರು ಕೆಂಪು ಕಾಗದದ ಮೇಲೆ ಕುಂಚದಿಂದ ಕೇಳಿದ ಅಕ್ಷರ ಬರೆದುಕೊಡುತ್ತಾರೆ: ಓದುವ ಮಕ್ಕಳಿದ್ದವರು ವಿದ್ಯೆಯನ್ನು, ವಯಸ್ಸಾದವರು ನೆಮ್ಮದಿಯನ್ನು ಬರೆಸಿಕೊಳ್ಳುವುದು ವಾಡಿಕೆ. ಮೇಳ ಹಬ್ಬದ ನಂತರವೂ ಕೆಲವು ದಿನ ಮುಂದುವರಿಯುವುದರಿಂದ ಇದನ್ನು ಮುನ್ನಾ ವಾರದಲ್ಲೇ ಮುಗಿಸಬೇಕೆಂಬ ಆತುರವಿಲ್ಲ.

ಮುನ್ನಾದಿನದ ನಡುರಾತ್ರಿ ಹ್ವಾನ್ ಕಿಯೆಮ್ ಸರೋವರದ ಸುತ್ತ ಜನ ಸೇರಿ ಪಟಾಕಿಯ ಬೆಳಕಿನಾಟ ನೋಡುತ್ತಾರೆ. ಖಾಸಗಿಯಾಗಿ ಸಿಡಿಯುವ ಪಟಾಕಿ ಸುಡುವುದನ್ನು ಆ ದೇಶ 1995ರಿಂದ ನಿಷೇಧಿಸಿರುವ ಕಾರಣ ನಮ್ಮ ದೀಪಾವಳಿಯ ಹೊಗೆಯೂ ಸದ್ದೂ ಅಲ್ಲಿಲ್ಲ. ಸರ್ಕಾರದ ವತಿಯಿಂದ ನಡೆಯುವ ಪ್ರದರ್ಶನ ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಅದಾದ ನಂತರದ ಹನೋಯ್ ಪ್ರವಾಸಿಯ ಪಾಲಿಗೆ ಅತ್ಯಂತ ಬಡವಾದ ಹನೋಯ್. ಹಳ್ಳಿಗಳಿಂದ ಬಂದು ಇಲ್ಲಿ ದುಡಿಯುವವರೆಲ್ಲ ಊರಿಗೆ ಹೊರಟುಹೋಗಿರುತ್ತಾರೆ, ಬೀದಿಬದಿಯ ತಿಂಡಿ ಅಂಗಡಿಗಳ ಷಟರ್ ಎಳೆದಿರುತ್ತದೆ. ನಡೆದಾಡಲು ಇಷ್ಟಪಡುವವರಿಗೆ, ಫೋಟೊ ತೆಗೆಯುವವರಿಗೆ ಖಾಲಿ ಬೀದಿಗಳು ಹಿಡಿಸಬಹುದು. ಮಕ್ಕಳನ್ನೂ ವೃದ್ಧರನ್ನೂ ಕರೆದುಕೊಂಡು ಬಂದವರಿಗೆ ಆ ದಿನಗಳು ಬಹಳ ಉದ್ದವಾಗಿ ಕಾಣುತ್ತವೆ.

ಹವಾಮಾನದ ವಿಚಾರದಲ್ಲಿ ಬೆಂಗಳೂರಿನವರು ತಪ್ಪು ಲೆಕ್ಕ ಹಾಕುವ ಸಂಭವವಿದೆ. ಆಗ ಹನೋಯ್‌ನಲ್ಲಿ ಸಾಮಾನ್ಯವಾಗಿ 14ರಿಂದ 20 ಡಿಗ್ರಿ ಇರುತ್ತದೆ; ಅಂಕಿ ನೋಡಿದರೆ ನಮ್ಮ ಜನವರಿಯ ಮುಂಜಾನೆಯಂತೆಯೇ ಕಾಣುತ್ತದೆ. ಆದರೆ ಅಲ್ಲಿ ಬಿಸಿಲಿಲ್ಲದ ಮೋಡ, ದಿನವಿಡೀ ಸೋನೆ ಹನಿ, ಒದ್ದೆ ಚಳಿ, ಸಣ್ಣ ಹೋಟೆಲುಗಳ ಕೋಣೆಗಳಲ್ಲಿ ಬೆಚ್ಚಗಿಡುವ ವ್ಯವಸ್ಥೆಯೂ ಇರುವುದಿಲ್ಲ. ಒಂದು ಸ್ವೆಟರ್ ಸಾಲದು. ನೀರು ಒಳಗಿಳಿಯದ ಮೇಲಂಗಿ ಬೇಕು. ಒಗೆದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ.

ಹಬ್ಬ ಮುಗಿದ ಮೇಲಿನ ಹನೋಯ್ ಮತ್ತೆ ಬೇರೆಯದೇ ಊರು. ಐದನೆಯ ದಿನ ನಗರದೊಳಗಿನ ಡೊಂಗ್ ಡಾ ದಿಬ್ಬದಲ್ಲಿ, 1789ರಲ್ಲಿ ಕ್ವಾಂಗ್ ಚುಂಗ್ ಚಕ್ರವರ್ತಿ ಚೀನಾದ ಚಿಂಗ್ ಸೈನ್ಯವನ್ನು ಟೆಟ್ ಸಮಯದಲ್ಲೇ ಸೋಲಿಸಿದ ನೆನಪಿನ ಉತ್ಸವ ನಡೆಯುತ್ತದೆ. ಆರನೆಯ ದಿನ ಸುಮಾರು 60 ಕಿ.ಮೀ. ದೂರದ ಹುವೋಂಗ್ ಪಗೋಡದ ಜಾತ್ರೆ ಆರಂಭವಾಗಿ ಚಾಂದ್ರಮಾನದ ಮೂರನೆಯ ತಿಂಗಳವರೆಗೂ ನಡೆಯುತ್ತದೆ. ದೋಣಿಯಲ್ಲಿ ಹೊಳೆ ದಾಟಿ, ಬೆಟ್ಟ ಹತ್ತಿ, ಗುಹೆಯೊಳಗಿನ ದೇಗುಲ ತಲುಪುವ ಯಾತ್ರೆಯಿದು. ಆರಂಭದ ದಿನದ ನೂಕುನುಗ್ಗಲಿಗಿಂತ ಆಮೇಲಿನ ವಾರದ ನಡುವಿನ ಒಂದು ದಿನ ಎಷ್ಟೋ ಮೇಲು. 13ನೆಯ ದಿನದ ಹೊತ್ತಿಗೆ ಬಾಕ್ ನಿನ್ ಪ್ರಾಂತ್ಯದ ಲಿಮ್ ಎಂಬಲ್ಲಿ ಗಂಡು ಹೆಣ್ಣು ಎದುರುಬದುರಾಗಿ ಹಾಡುವ ಕ್ವಾನ್ ಹೋ ಗಾಯನದ ಉತ್ಸವವಿರುತ್ತದೆ. ಜಾನಪದದಲ್ಲಿ ಆಸಕ್ತಿಯಿರುವವರು ಟೆಟ್ ದಿನವನ್ನೇ ಬಿಟ್ಟು ಈ ಮೂರನೆಯ ಭಾಗಕ್ಕೆ ಹೋದರೂ ನಷ್ಟವೇನಿಲ್ಲ.

ಸೈಗಾನ್: ಹಬ್ಬದ ಮೂರು ದಿನಗಳನ್ನು ಕಳೆಯಲು ಸುಲಭದ ಊರು

ಅಧಿಕೃತವಾಗಿ ಹೋ ಚಿ ಮಿನ್ ನಗರವಾದರೂ ಅಲ್ಲಿನವರ ಬಾಯಲ್ಲಿ ಇನ್ನೂ ಸೈಗಾನ್ ಆಗಿಯೇ ಉಳಿದಿರುವ ಈ ಮಹಾನಗರದಲ್ಲಿ ಟೆಟ್ ಎಂದರೆ ಒಣ ಹವೆ, ಬಿಸಿಲು, 30 ಡಿಗ್ರಿ ದಾಟುವ ಮಧ್ಯಾಹ್ನ. ಪೀಚ್ ಹೂವು ಅರಳಲು ಬೇಕಾದ ಚಳಿ ಇಲ್ಲಿಲ್ಲ. ಇಲ್ಲಿಯದು ಹಳದಿ ಬಣ್ಣದ ಮಾಯ್ ಹೂವು. ಈ ಹೂವು ಹಬ್ಬದ ದಿನವೇ ಅರಳುವಂತೆ ಮಾಡುವುದು ಒಂದು ಕಸುಬು. ಕೊನೆಯ ತಿಂಗಳ ಹುಣ್ಣಿಮೆಯ ಸುಮಾರಿಗೆ ಗಿಡದ ಎಲೆಗಳನ್ನೆಲ್ಲ ಕೈಯಿಂದ ಒಂದೊಂದಾಗಿ ಕಿತ್ತು ಬೋಳು ಮಾಡುತ್ತಾರೆ. ಮೊಗ್ಗು ದೊಡ್ಡದಿದ್ದರೆ ಒಂದೆರಡು ದಿನ ತಡವಾಗಿ, ಚಳಿ ಹೆಚ್ಚಿದ್ದರೆ ಒಂದೆರಡು ದಿನ ಮುಂಚಿತವಾಗಿ. ಲೆಕ್ಕ ಸರಿಯಾದರೆ ಹೊಸವರ್ಷದ ಬೆಳಗ್ಗೆ ಎಲೆಯಿಲ್ಲದ ಕೊಂಬೆಯ ತುಂಬ ಹಳದಿ. ತಪ್ಪಿದರೆ ಆ ಗಿಡ ಕೊಳ್ಳುವವರಿಲ್ಲ.

ನಗರದ ನಡುವಿನ ನುಯೆನ್ ಹ್ವೆ ರಸ್ತೆಯನ್ನು 2004ರಿಂದ ಟೆಟ್‌ಗೆ ಹೂವಿನ ಬೀದಿಯಾಗಿ ಮಾರ್ಪಡಿಸುತ್ತಾರೆ. ಅಲ್ಲಿನ ರಾಶಿಚಕ್ರದಲ್ಲಿ ಆ ವರ್ಷಕ್ಕೆ ಸೇರಿದ ಪ್ರಾಣಿಯ ದೊಡ್ಡ ಆಕೃತಿಗಳು, ಭತ್ತದ ಗದ್ದೆಯ ಮಾದರಿಗಳು, ಹೂವಿನ ರಾಶಿ ಇವನ್ನೆಲ್ಲ ಹಬ್ಬಕ್ಕೆ ಕೆಲವು ದಿನ ಮುಂಚೆ ತೆರೆದು ಹಬ್ಬದ ದಿನಗಳಲ್ಲೂ ಇಟ್ಟಿರುತ್ತಾರೆ, ಪ್ರವೇಶಕ್ಕೆ ಹಣವಿಲ್ಲ. ಸಂಜೆ ಇಡೀ ಊರೇ ಅಲ್ಲಿರುವುದರಿಂದ ಬೆಳಗ್ಗೆ ಬೇಗ ಹೋಗುವುದು ಒಳ್ಳೆಯದು. ನನಗೆ ಇದಕ್ಕಿಂತ ಹೆಚ್ಚು ಇಷ್ಟವಾಗುವುದು ಕಾಲುವೆಯ ದಂಡೆಯ ಬಿನ್ ಡೋಂಗ್ ಹೂವಿನ ಸಂತೆ. ಮೆಕಾಂಗ್ ನದೀಮುಖಜ ಪ್ರದೇಶದ ರೈತರು ದೋಣಿಗಳಲ್ಲಿ ತಂದ ಕುಂಡಗಳನ್ನು ದಂಡೆಗಿಳಿಸಿ ಮಾರುತ್ತಾರೆ, ರಾತ್ರಿ ಆ ದೋಣಿಗಳಲ್ಲೇ ಮಲಗುತ್ತಾರೆ. ಮುನ್ನಾದಿನದ ಮಧ್ಯಾಹ್ನ ಬೆಲೆ ಇಳಿಯುತ್ತದೆ. ಅದಕ್ಕಾಗಿಯೇ ಕಾದು ಕುಳಿತು ಕೊನೆಗಳಿಗೆಯಲ್ಲಿ ಚೌಕಾಸಿಗಿಳಿಯುವವರ ಮೇಲೆ ಸಿಟ್ಟಾಗಿ, ಉಳಿದ ಕುಂಡಗಳನ್ನು ಅಗ್ಗಕ್ಕೆ ಕೊಡುವ ಬದಲು ಅಲ್ಲೇ ಒಡೆದು ಹಾಕುವ ವ್ಯಾಪಾರಿಗಳೂ ಇರುತ್ತಾರೆ. ಚಂದದ ಚಿತ್ರವಲ್ಲ, ಆದರೆ ಹೂವಿನ ಬೀದಿಯಲ್ಲಿ ಕಾಣದ ಟೆಟ್ ಅದು.

ಸೈಗಾನ್ ಕೂಡ ಹಬ್ಬದ ದಿನ ಖಾಲಿಯಾಗುತ್ತದೆ. ದಾಟಲು ಧೈರ್ಯ ಬೇಕಾಗುವ ರಸ್ತೆಗಳಲ್ಲಿ ನಿಶ್ಚಿಂತೆಯಿಂದ ನಡೆಯಬಹುದು. ಆದರೂ ಹನೋಯ್‌ನಷ್ಟು ಪೂರ್ತಿಯಾಗಿ ಮುಚ್ಚುವುದಿಲ್ಲ. ಊರಿಗೆ ಹೋಗದೆ ಉಳಿದವರು ಮಕ್ಕಳೊಂದಿಗೆ ಪ್ರಾಣಿಸಂಗ್ರಹಾಲಯಕ್ಕೂ ಡಾಮ್ ಸೆನ್, ಸುವೊಯ್ ತಿಯೆನ್ ಉದ್ಯಾನಗಳಿಗೂ ಮೊದಲ ದಿನದಿಂದಲೇ ಹೋಗುತ್ತಾರೆ. 2024ರ ಡಿಸೆಂಬರಿನಲ್ಲಿ ಆರಂಭವಾದ ಮೊದಲ ಮೆಟ್ರೊ ಮಾರ್ಗ ಬೆನ್ ಥಾನ್ ಮಾರುಕಟ್ಟೆಯ ಬಳಿಯಿಂದ ಸುವೊಯ್ ತಿಯೆನ್‌ವರೆಗೆ ಹೋಗುವುದರಿಂದ ಮಕ್ಕಳಿರುವವರಿಗೆ ಅನುಕೂಲ. ಚೀನೀ ಮೂಲದವರು ಹೆಚ್ಚಿರುವ ಚೋಲೋನ್ ಪ್ರದೇಶದ ಥಿಯೆನ್ ಹಾವ್ ದೇವಿಯ ಗುಡಿಯಲ್ಲಿ ಸುರುಳಿ ಊದುಬತ್ತಿಗಳು ಛಾವಣಿಯಿಂದ ಜೋತಾಡುತ್ತಿರುತ್ತವೆ. ಅಲ್ಲಿ ಮುನ್ನಾದಿನದ ರಾತ್ರಿಯಿಂದಲೇ ಜನಸಂದಣಿ.

ಕನ್ನಡಿಗರಿಗೆ ಕುತೂಹಲ ಹುಟ್ಟಿಸಬಹುದಾದ ಇನ್ನೊಂದು ಜಾಗ ಬೆನ್ ಥಾನ್ ಮಾರುಕಟ್ಟೆಯ ಹತ್ತಿರ ಚುವೊಂಗ್ ದಿನ್ ರಸ್ತೆಯಲ್ಲಿರುವ ಮಾರಿಯಮ್ಮನ್ ದೇವಸ್ಥಾನ. 19ನೇ ಶತಮಾನದ ಕೊನೆಯ ಭಾಗದಲ್ಲಿ ತಮಿಳು ವ್ಯಾಪಾರಿಗಳು ಕಟ್ಟಿಸಿದ ಈ ಗುಡಿಗೆ ಇಂದು ಬರುವವರಲ್ಲಿ ವಿಯೆಟ್ನಾಮಿನವರೇ ಹೆಚ್ಚು. ಮಲ್ಲಿಗೆ ಮಾಲೆ ಹಿಡಿದು ಬರುವ ಅವರು ಹಿಂಬದಿಯ ಕಲ್ಲಿನ ಗೋಡೆಗೆ ಹಣೆ ಒತ್ತಿ ನಿಂತು ಬೇಡಿಕೊಳ್ಳುತ್ತಾರೆ. ಊರಮ್ಮನ ಗುಡಿಯ ವಾತಾವರಣ ನಮಗೆ ಪರಿಚಿತವಾದರೂ ಈ ಪದ್ಧತಿ ಮಾತ್ರ ಅಲ್ಲಿಯದೇ.

ಮೊದಲ ಸಲ ವಿದೇಶಕ್ಕೆ ಹೊರಟ ಹಿರಿಯರು, ಚಿಕ್ಕ ಮಕ್ಕಳು, ಚಳಿ ತಡೆಯದವರು ಜೊತೆಗಿದ್ದರೆ ಹಬ್ಬದ ಮೂರು ದಿನಗಳಿಗೆ ಸೈಗಾನನ್ನೇ ಆರಿಸಿಕೊಳ್ಳಬೇಕು. ಒಂದು ಎಚ್ಚರಿಕೆ: ಅಲ್ಲಿಂದ ಮೆಕಾಂಗ್‌ನ ತೇಲುವ ಮಾರುಕಟ್ಟೆಗಳಿಗೆ ಹೋಗುವ ಯೋಚನೆಯಿದ್ದರೆ ಹಬ್ಬದ ಮೊದಲ ದಿನಗಳಲ್ಲಿ ಬೇಡ, ವ್ಯಾಪಾರಿಗಳೂ ಮನೆಯಲ್ಲಿರುತ್ತಾರೆ. ಹಬ್ಬಕ್ಕೆ ಮುಂಚೆಯಾದರೆ ನೀರಿನ ಮೇಲೆ ಎತ್ತರಿಸಿ ಕಟ್ಟಿದ ಅಟ್ಟಣಿಗೆಗಳಲ್ಲಿ ಹೂ ಬೆಳೆಯುವ ಸಾ ಡೆಕ್ ನೋಡುವುದು ಒಳ್ಳೆಯದು.

ನಡುವಿನ ಎರಡು ಊರುಗಳು

ಹ್ವೇ ಮತ್ತು ಹೋಯಿ ಆನ್ ನಡುವೆ ಡಾ ನಾಂಗ್ ವಿಮಾನ ನಿಲ್ದಾಣವಿದ್ದು, ಅಲ್ಲಿಂದ ಹೋಯಿ ಆನ್ ಸುಮಾರು 30 ಕಿ.ಮೀ., ಹ್ವೇ ಸುಮಾರು 100 ಕಿ.ಮೀ. ಆದ್ದರಿಂದ ಒಂದನ್ನೇ ಆರಿಸಬೇಕೆಂದಿಲ್ಲ. ಆದರೆ ಎರಡರ ಸ್ವಭಾವ ಬೇರೆ.

ಹ್ವೇ 1802ರಿಂದ 1945ರವರೆಗೆ ನುಯೆನ್ ಅರಸರ ರಾಜಧಾನಿಯಾಗಿತ್ತು. ಇಲ್ಲಿಯ ಸ್ಮಾರಕಗಳು 1993ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಹಳೆಯ ವರ್ಷದ ಕೊನೆಯ ತಿಂಗಳ 23ನೇ ದಿನ ಅರಮನೆಯ ಆವರಣದಲ್ಲಿ ಎತ್ತರದ ಬಿದಿರು ಗಳುವನ್ನು ನೆಟ್ಟು ಹಬ್ಬವನ್ನು ಸಾರುವ ರಾಜಪದ್ಧತಿಯನ್ನು ಈಗಲೂ ನಡೆಸುತ್ತಾರೆ. ಹಬ್ಬದ ಮೊದಲ ಮೂರು ದಿನಗಳಲ್ಲಿ ಅರಮನೆ ತೆರೆದೇ ಇರುತ್ತದೆ. ದೇಶದ ನಾಗರಿಕರಿಗೆ ಆಗ ಪ್ರವೇಶ ಉಚಿತವಾದ್ದರಿಂದ ಉದ್ದುಡುಗೆ ಆವೊ ದಾಯ್ ತೊಟ್ಟ ಕುಟುಂಬಗಳು ಇಡೀ ಆವರಣದಲ್ಲಿ ತುಂಬಿರುತ್ತವೆ. ಊರಾಚೆಯ ಜಿಯಾ ಲಾಕ್ ಸಂತೆ ನೆರೆಯುವುದು ವರ್ಷದಲ್ಲಿ ಈ ಮೂರು ದಿನ ಮಾತ್ರ. ಹತ್ತನೆಯ ದಿನ ಸಿನ್ ಹಳ್ಳಿಯಲ್ಲಿ ಕುಸ್ತಿ ಪಂದ್ಯವಿರುತ್ತದೆ. ಬೌದ್ಧ ಸಂಪ್ರದಾಯ ಗಟ್ಟಿಯಾಗಿರುವ ಊರಾದ್ದರಿಂದ ಸಸ್ಯಾಹಾರದ ಅಡುಗೆಯಲ್ಲಿ ಹ್ವೇಯನ್ನು ಮೀರಿಸುವ ಊರು ಆ ದೇಶದಲ್ಲಿಲ್ಲ. ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ಮನೆತನದವರು ನನ್ನನ್ನು ಕೇಳಿದರೆ ಬೇರೆ ಮಾತೇ ಇಲ್ಲದೆ ಹ್ವೇ ಎನ್ನುತ್ತೇನೆ. ಇಲ್ಲಿಗೆ ಹೋಗುವವರು ಒಂದು ವಿಷಯವನ್ನು ತಿಳಿದಿರಬೇಕು: ವಿಯೆಟ್ನಾಂ ಯುದ್ಧದ ಕಾಲದಲ್ಲಿ ಕಮ್ಯುನಿಸ್ಟ್ ಪಡೆಗಳು ಹಬ್ಬದ ಹೊತ್ತಿಗೇ ನಡೆಸಿದ 1968ರ ಟೆಟ್ ದಾಳಿಯಲ್ಲಿ ಅತಿ ದೀರ್ಘವಾದ ಮತ್ತು ರಕ್ತಮಯವಾದ ಕಾದಾಟಗಳಲ್ಲೊಂದು ನಡೆದದ್ದು ಈ ಕೋಟೆಯಲ್ಲಿ, ಹಬ್ಬದ ದಿನಗಳಲ್ಲೇ ಸತ್ತವರ ಸ್ಮರಣೆಯ ದಿನ ಬರುವ ಕುಟುಂಬಗಳು ಇಲ್ಲಿವೆ. ಯುದ್ಧದ ಮಾತನ್ನು ನಾವಾಗಿ ಎತ್ತದಿರುವುದು ಲೇಸು. ಹವೆ ಮೋಡ ಮುಸುಕಿದ್ದು, ಹನೋಯ್‌ಗಿಂತ ತುಸು ಬೆಚ್ಚಗೆ.

ಹೋಯಿ ಆನ್ ಪ್ರವಾಸಿಗಳನ್ನೇ ನೆಚ್ಚಿಕೊಂಡ ಊರಾದ್ದರಿಂದ ಹಬ್ಬದಲ್ಲೂ ಊಟ, ವಾಹನ, ಕೋಣೆಗಳಿಗೆ ತೊಂದರೆಯಾಗುವುದು ಕಡಿಮೆ. ಆ ಕಾರಣಕ್ಕೇ ಎರಡನೆಯ ದಿನದಿಂದ ದೇಶದೊಳಗಿನ ಪ್ರವಾಸಿಗಳು ಬಂದು ತುಂಬುತ್ತಾರೆ. ಲಾಂದ್ರಗಳ ಬೆಳಕಿನ ಹಳೆಯ ಪೇಟೆಯಲ್ಲಿ ಸಂಜೆ ಹೆಜ್ಜೆ ಹೆಜ್ಜೆಗೂ ನಿಂತು ಸಾಗಬೇಕಾಗುತ್ತದೆ, ಕೋಣೆಯ ಬಾಡಿಗೆ ಏರಿರುತ್ತದೆ. ಮನೆಹಬ್ಬದ ಟೆಟ್ ಇಲ್ಲಿ ಅಷ್ಟಾಗಿ ಕಾಣುವುದಿಲ್ಲ ಎಂಬುದು ನನ್ನ ಆಕ್ಷೇಪ. ಏಳನೆಯ ದಿನ ತ್ರಾ ಕ್ವೆ ತರಕಾರಿ ಹಳ್ಳಿಯಲ್ಲಿ ನಡೆಯುವ ಬೇಸಾಯದ ಪೂಜೆ ಇದಕ್ಕೆ ಅಪವಾದ.

ಆದರೆ ನಮ್ಮವರು ಈ ಊರನ್ನು ಆರಿಸಿಕೊಳ್ಳಲು ಬೇರೊಂದು ಗಟ್ಟಿ ಕಾರಣವಿದೆ. ಇಲ್ಲಿಂದ ಸುಮಾರು 40 ಕಿ.ಮೀ. ದೂರದ ಮಿ ಸೋನ್‌ನಲ್ಲಿ, ಹಿಂದೆ ಮಧ್ಯ ವಿಯೆಟ್ನಾಮಿನಲ್ಲಿದ್ದ ಚಂಪಾ ರಾಜ್ಯದ ಅರಸರು 4ರಿಂದ 13ನೇ ಶತಮಾನದವರೆಗೆ ಕಟ್ಟಿಸಿದ ಇಟ್ಟಿಗೆಯ ಶಿವಾಲಯಗಳಿವೆ. ಅವುಗಳಲ್ಲಿ ಮೂರು ಗುಂಪುಗಳನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಇತ್ತೀಚೆಗೆ ಜೀರ್ಣೋದ್ಧಾರ ಮಾಡಿದ್ದು, ಆ ಕೆಲಸದ ನಡುವೆ 2020ರ ಮೇ ತಿಂಗಳಲ್ಲಿ ಮರಳುಗಲ್ಲಿನ ಏಕಶಿಲಾ ಶಿವಲಿಂಗವೊಂದು ನೆಲದಡಿಯಲ್ಲಿ ಸಿಕ್ಕಿತು. ಪಟ್ಟದಕಲ್ಲು ಐಹೊಳೆಗಳನ್ನು ಕಂಡವರಿಗೆ ಇಟ್ಟಿಗೆಯಲ್ಲಿ ಕಟ್ಟಿದ ಈ ಶಿಖರಗಳ ಮುಂದೆ ಗಂಟೆಗಟ್ಟಲೆ ನಿಲ್ಲುವಷ್ಟು ವಿಷಯವಿದೆ.

ಜನರ ಹರಿವಿಗೆ ಎದುರಾಗಿ ಸಾಗಿ

ಎರಡು ಊರುಗಳನ್ನು ಸೇರಿಸುವವರಿಗೆ ಯಾವ ಊರು ಮೊದಲು ಎಂಬುದೇ ಮುಖ್ಯ. ಸೈಗಾನ್ ಮತ್ತು ಅದರ ಸುತ್ತಲಿನ ಕಾರ್ಖಾನೆಗಳಲ್ಲಿ ದುಡಿಯುವ ಉತ್ತರ ಮತ್ತು ಮಧ್ಯಭಾಗದ ಜನ ಹಬ್ಬಕ್ಕೆ ಮುಂಚೆ ದಕ್ಷಿಣದಿಂದ ಉತ್ತರಕ್ಕೆ ಹೋಗುತ್ತಾರೆ, ಹಬ್ಬದ ನಂತರ ಉತ್ತರದಿಂದ ದಕ್ಷಿಣಕ್ಕೆ ಮರಳುತ್ತಾರೆ. ಆ ದಿಕ್ಕಿನ ವಿಮಾನ ಮತ್ತು ರೈಲು ಟಿಕೆಟ್‌ಗಳು ತಿಂಗಳುಗಳ ಮೊದಲೇ ಮುಗಿದು ಬೆಲೆ ಏರಿರುತ್ತದೆ. ಅದೇ ದಿನ ಎದುರು ದಿಕ್ಕಿನ ವಿಮಾನಗಳು ಅರೆಖಾಲಿಯಾಗಿ ಹಾರುತ್ತವೆ. ಹೀಗಾಗಿ ಹಬ್ಬಕ್ಕೆ ಮುಂಚೆ ಹನೋಯ್‌ಗೆ ಇಳಿದು, ಹೂವಿನ ಸಂತೆ ನೋಡಿ, ಮುನ್ನಾದಿನಕ್ಕೆ ಒಂದೆರಡು ದಿನ ಮೊದಲು ಸೈಗಾನಿಗೆ ಹಾರುವ ಕ್ರಮವೇ ನನಗೆ ಎಲ್ಲಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ: ಖರ್ಚು ಕಡಿಮೆ, ಹನೋಯ್‌ನ ಉತ್ತಮ ದಿನಗಳೂ ಸೈಗಾನಿನ ಉತ್ತಮ ದಿನಗಳೂ ದಕ್ಕುತ್ತವೆ. ಹಬ್ಬದ ನಂತರದ ಜಾತ್ರೆಗಳನ್ನು ನೋಡಬೇಕೆನ್ನುವವರು ಸೈಗಾನಿನಲ್ಲಿ ಟೆಟ್ ಕಳೆದು ನಾಲ್ಕನೆಯ ಅಥವಾ ಐದನೆಯ ದಿನ ಉತ್ತರಕ್ಕೆ ಹೋಗಲಿ. ಅದೂ ಹರಿವಿಗೆ ಎದುರು ದಿಕ್ಕೇ. ಹನೋಯ್–ಸೈಗಾನ್ ನಡುವಿನ 1,726 ಕಿ.ಮೀ. ರೈಲುದಾರಿಯನ್ನು ಪೂರ್ತಿ ಕ್ರಮಿಸುವ ಆಸೆಯಿದ್ದವರು ವರ್ಷದ ಬೇರೆ ಕಾಲ ನೋಡಿಕೊಳ್ಳುವುದು ವಾಸಿ.

ಬೆಂಗಳೂರಿನಿಂದ ನೇರವಾಗಿಯೋ ಬ್ಯಾಂಕಾಕ್, ಸಿಂಗಾಪುರ, ಕೌಲಾಲಂಪುರಗಳ ಮೂಲಕವೋ ಬರುವವರು ಇನ್ನೊಂದನ್ನು ಗಮನಿಸಬೇಕು. ಹಬ್ಬಕ್ಕೆ ಮುಂಚಿನ ವಾರಗಳಲ್ಲಿ ವಿದೇಶಗಳಲ್ಲಿ ನೆಲಸಿದ ವಿಯೆಟ್ನಾಮಿನವರು ತಾಯ್ನಾಡಿಗೆ ಬರುತ್ತಾರೆ. ಸೈಗಾನಿನ ತಾನ್ ಸೋನ್ ನ್ಯಾತ್ ನಿಲ್ದಾಣದ ಹೊರಗೆ ಒಬ್ಬರನ್ನು ಸ್ವಾಗತಿಸಲು ಹತ್ತು ಹನ್ನೆರಡು ಬಂಧುಗಳು ಹೂಗುಚ್ಛ ಹಿಡಿದು ನಿಂತಿರುತ್ತಾರೆ. ವಲಸೆ ತಪಾಸಣೆಯ ಸಾಲೂ ಅದಕ್ಕೆ ತಕ್ಕಂತೆ ಉದ್ದ.

ಊಟ, ಹಣ, ನಡವಳಿಕೆ

ಫಲಕದ ಮೇಲೆ ಚಾಯ್ ಎಂದು ಬರೆದ ಅಂಗಡಿ ಚಹಾದ್ದಲ್ಲ, ಶುದ್ಧ ಸಸ್ಯಾಹಾರದ್ದು. ಚಾಂದ್ರಮಾನದ ಪ್ರತಿ ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಯಂದು ಮಾಂಸ ಬಿಡುವ ರೂಢಿ ಬೌದ್ಧರಲ್ಲಿದೆ. ಟೆಟ್‌ನ ಮೊದಲ ದಿನವೂ ಅಂಥದ್ದೇ ಆದ್ದರಿಂದ ಬೇರೆ ಹೋಟೆಲುಗಳು ಮುಚ್ಚಿದ್ದಾಗಲೂ ಪಗೋಡಗಳ ಸುತ್ತಮುತ್ತ ಇಂಥ ಅಂಗಡಿಗಳು ಸಿಗುವ ಸಾಧ್ಯತೆ ಹೆಚ್ಚು. ಇತರ ಕಡೆ ತರಕಾರಿಯ ಪದಾರ್ಥವೆಂದು ಕೊಟ್ಟದ್ದರಲ್ಲೂ ಮೀನಿನ ಸಾರ ಇರುತ್ತದೆ ಎಂದೇ ತಿಳಿಯಬೇಕು. ಹಬ್ಬದ ಮುಖ್ಯ ತಿನಿಸು ಅಂಟು ಅಕ್ಕಿ ಮತ್ತು ಹೆಸರುಬೇಳೆಯನ್ನು ಎಲೆಯಲ್ಲಿ ಕಟ್ಟಿ ಗಂಟೆಗಟ್ಟಲೆ ಬೇಯಿಸಿದ್ದು: ಉತ್ತರದಲ್ಲಿ ಚೌಕಾಕಾರದ ಬಾನ್ ಚುಂಗ್, ದಕ್ಷಿಣದಲ್ಲಿ ಉರುಳೆಯಾಕಾರದ ಬಾನ್ ಟೆಟ್. ನೋಟಕ್ಕೆ ನಮ್ಮ ಕರಾವಳಿಯ ಎಲೆ ಕಡುಬಿನ ದಾಯಾದಿಯಂತಿದ್ದರೂ ಒಳಗೆ ಹಂದಿಮಾಂಸ ಇರುತ್ತದೆ. ಸಸ್ಯಾಹಾರಿಗಳಿಗೆ ದಕ್ಷಿಣದಲ್ಲಿ ಅನುಕೂಲ. ಬಾಳೆಹಣ್ಣನ್ನು ತುಂಬಿದ ಬಾನ್ ಟೆಟ್ ಅಲ್ಲಿ ಸಾಮಾನ್ಯ. ಎಲ್ಲ ಊರಿಗೂ ಒಂದೇ ಸಲಹೆಯೆಂದರೆ ಮುನ್ನಾದಿನದ ಮಧ್ಯಾಹ್ನದೊಳಗೆ ಎರಡು ದಿನಕ್ಕಾಗುವಷ್ಟು ಹಣ್ಣು, ಬ್ರೆಡ್, ನೀರು ತಂದಿಟ್ಟುಕೊಳ್ಳಿ. ಅವಲಕ್ಕಿ, ಚಟ್ನಿಪುಡಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಹೊರಡುವ ನಮ್ಮ ಹಿರಿಯರ ಅಭ್ಯಾಸವನ್ನು ಕಂಡು ಈ ಒಂದು ಪ್ರವಾಸದಲ್ಲಿ ನಗಬೇಡಿ.

ಎಟಿಎಂಗಳ ಮುಂದೆ ಹಬ್ಬದ ಮುನ್ನ ಸಾಲು ಇರುತ್ತದೆ, ಕೆಲವು ಬರಿದಾಗುತ್ತವೆ. ನಗದನ್ನು ಎರಡು ದಿನ ಮೊದಲೇ ತೆಗೆದಿಡಬೇಕು. ತೆರೆದಿರುವ ಹೋಟೆಲು, ಕೆಫೆಗಳು ಹಬ್ಬದ ಹೆಚ್ಚುವರಿ ಶುಲ್ಕವನ್ನು ಬಿಲ್ಲಿಗೆ ಸೇರಿಸುವುದು ವಾಡಿಕೆ; ಅದು ವಿದೇಶಿಯರಿಗೆ ಮಾತ್ರ ಹಾಕುವ ದಂಡವಲ್ಲ, ರಜೆಯ ದಿನ ದುಡಿಯುವವರ ಕೂಲಿ. ಗ್ರ್ಯಾಬ್ ಆ್ಯಪ್‌ನ ವಾಹನಗಳು ಮುನ್ನಾದಿನದ ರಾತ್ರಿ ಮತ್ತು ಮೊದಲ ದಿನದ ಬೆಳಗ್ಗೆ ವಿರಳ, ದರವೂ ಹೆಚ್ಚು. ಆ ಹೊತ್ತಿನಲ್ಲಿ ವಿಮಾನ ಹಿಡಿಯುವುದಿದ್ದರೆ ಉಳಿದುಕೊಂಡ ಹೋಟೆಲಿನವರಿಗೆ ಹಿಂದಿನ ದಿನವೇ ಹೇಳಿ ಕಾರು ಗೊತ್ತುಮಾಡಿ.

ಹೊಸವರ್ಷದಲ್ಲಿ ಹೊಸಿಲು ದಾಟುವ ಮೊದಲ ಅತಿಥಿಯ ಮೇಲೆ ಆ ಮನೆಯ ಇಡೀ ವರ್ಷದ ಅದೃಷ್ಟ ನಿಂತಿದೆ ಎಂದು ಅಲ್ಲಿಯವರು ನಂಬುವುದರಿಂದ, ಪರಿಚಿತರೇ ಆದರೂ ಕರೆಯದೆ ಮೊದಲ ದಿನ ಬೆಳಗ್ಗೆ ಯಾರ ಮನೆಗೂ ಹೋಗಬಾರದು. ಕರೆದರೆ ಉಜ್ವಲ ಬಣ್ಣದ ಬಟ್ಟೆ ತೊಟ್ಟು ಹೋಗಿ, ಕಪ್ಪು ಬಿಳುಪು ಬೇಡ. ಮನೆಯ ಮಕ್ಕಳಿಗೆ ಕೊಡಲು ಕೆಂಪು ಲಕೋಟೆಯಲ್ಲಿ ಗರಿಗರಿಯಾದ ಹೊಸ ನೋಟು ಇರಲಿ. ಮೊತ್ತ ಮುಖ್ಯವಲ್ಲ, ನೋಟು ಮಾಸಿರಬಾರದು ಅಷ್ಟೆ. ಅಮೆರಿಕದ ಎರಡು ಡಾಲರಿನ ನೋಟು ಶುಭವೆಂದು ಅಲ್ಲಿ ಬಹಳ ಬೇಡಿಕೆಯಿದೆ.

ಭಾರತೀಯರಿಗೆ ವೀಸಾ ಬೇಕು. ಆನ್‌ಲೈನ್‌ನಲ್ಲೇ ಸಿಗುವ ಇ-ವೀಸಾ 2023ರ ಆಗಸ್ಟ್‌ನಿಂದ 90 ದಿನಗಳವರೆಗೆ ಸಿಗುತ್ತಿದ್ದು, ಒಂದು ಸಲದ ಪ್ರವೇಶಕ್ಕೆ 25 ಡಾಲರ್, ಹಲವು ಸಲದ ಪ್ರವೇಶಕ್ಕೆ 50 ಡಾಲರ್ ಶುಲ್ಕವಿದೆ. ಇದು ಕೆಲಸದ ದಿನಗಳ ಲೆಕ್ಕದಲ್ಲಿ ಸಿದ್ಧವಾಗುವ ದಾಖಲೆ, ಹಬ್ಬದ ರಜೆಯಲ್ಲಿ ಕಚೇರಿ ಮುಚ್ಚಿರುತ್ತದೆ. ಹಬ್ಬದ ಮಧ್ಯದಲ್ಲಿ ಹೊರಡುವವರು ಕನಿಷ್ಠ ಮೂರು ವಾರ ಮೊದಲೇ ಅರ್ಜಿ ಹಾಕಬೇಕು. ಸರ್ಕಾರದ ಜಾಲತಾಣವನ್ನು ಹೋಲುವ ದಲ್ಲಾಳಿಗಳ ತಾಣಗಳು ಹಲವಿವೆ. 25 ಡಾಲರಿನ ಜಾಗದಲ್ಲಿ ನೂರು ಕೇಳಿದರೆ ಅಲ್ಲಿಂದ ಹೊರಬನ್ನಿ. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು ನಮೂದಿಸಿ. ನಮ್ಮ ಕಡೆಯ ಪಾಸ್‌ಪೋರ್ಟುಗಳಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಇರುವುದುಂಟು, ಇನಿಷಿಯಲ್ ವಿಸ್ತರಿಸಿ ಬರೆದಿರುವುದೂ ಉಂಟು. ವೀಸಾ ಕೈಗೆ ಬಂದ ಕೂಡಲೇ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ, ಏಕೆಂದರೆ ರಜೆ ಶುರುವಾದ ಮೇಲೆ ತಿದ್ದಿಕೊಡುವವರು ಯಾರೂ ಇರುವುದಿಲ್ಲ.